ಹೆಲ್ಪರ್ ಕೋಟಿಗೊಂದು ಮೇಲ್ಜೇಬು

ಹೊಸ ಯೂನಿಫಾರ್ಮ್ ಬಟ್ಟೆಗೆ ಒಂದು ವಾಸನೆ ಇರುತ್ತೆ. ಅರ್ಧ ಗಂಜಿ, ಅರ್ಧ ಸೀಮೆಎಣ್ಣೆ ಅನ್ನಬಹುದು. ನಮ್ಮ ಮನೆಯವಳು ಅದನ್ನ ಇಲಿ ವಾಸನೆ ಅಂತಾಳೆ. ಏಪ್ರಿಲ್ ಕಳೆಯಿತು ಅಂದರೆ ಯಲಹಂಕ ಹಳೇ ಊರಿನ ನನ್ನ ಟೈಲರ್ ಅಂಗಡಿಯಲ್ಲಿ ಬೇರೆ ಯಾವ ವಾಸನೆಗೂ ಜಾಗ ಇಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಯಾವುದೋ ನರ್ಸರಿ ಸ್ಕೂಲಿನ ಫ್ರಾಕುಗಳಿಗೆ ಅಂತ ಒಂದು ಥಾನು ಬಟ್ಟೆ ಬಿಚ್ಚಿದೆ, ತಿಳಿನೀಲಿ ಬಣ್ಣದ್ದು. ವಾಸನೆ ಮೂಗಿಗೆ ಬಂತು, ಬಣ್ಣ ಕಣ್ಣಿಗೆ ಬಿತ್ತು, ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಮೂವತ್ತೈದು ವರ್ಷದಿಂದ ಈ ಕಸುಬಿನಲ್ಲಿದ್ದೀನಿ, ಬಟ್ಟೆ ಮುಂದೆ ಕೈ ತಡೆದದ್ದು ಕಮ್ಮಿ. ಆದರೆ ಈ ತಿಳಿನೀಲಿ ಕಂಡರೆ ನನಗೆ ಒಂಥರಾ ಆಗುತ್ತೆ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ. ಆತುರ ಇದ್ದರೆ ಬೇಡ. ಪೂರ್ತಿ ಹೇಳಿ ಮುಗಿಸಿದ ಮೇಲೂ ಇದರಲ್ಲಿ ಯಾರು ಸರಿ, ಯಾವುದು ಸರಿ ಅಂತ ನನ್ನ ಕೈಲಿ ಹೇಳೋಕಾಗಲ್ಲ.

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ಇಲ್ಲದಿದ್ದರೆ ನಾನು ಯಾಕೆ ಹಾಗೆ ಮಾಡಿದೆ ಅನ್ನೋದು ನಿಮಗೆ ಗೊತ್ತಾಗಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಸುಮ್ಮನೆ ಅಲೀತಾನೆ ಅಂತ ಸೋದರಮಾವ ಕರಕೊಂಡು ಬಂದು ತನ್ನ ಅಂಗಡಿಯಲ್ಲಿ ಕೂರಿಸಿಕೊಂಡ. ರಜೆ ಮುಗೀತು. ವಾಪಸ್ ಸ್ಕೂಲಿಗೆ ಹೋಗು ಅಂತ ಯಾರೂ ಹೇಳಲಿಲ್ಲ, ಹೋಗ್ಲಾ ಅಂತ ನಾನೂ ಕೇಳಲಿಲ್ಲ. ಲೆಕ್ಕ ಹಾಕಿದರೆ ನನ್ನ ಬೇಸಿಗೆ ರಜೆ ಇನ್ನೂ ನಡೀತಾನೇ ಇದೆ. ಐದು ವರ್ಷ ಗುಂಡಿ ತೂರೋ ಕಾಜಾ ಹೊಲಿದೆ, ಗುಂಡಿ ಹಚ್ಚಿದೆ. ಆ ಐದು ವರ್ಷ ನನಗೆ ಹೆಸರಿರಲಿಲ್ಲ. ಗಿರಾಕಿಗಳಿಗೂ ಮಾವನಿಗೂ ನಾನು ‘ಏಯ್’. ಆಮೇಲೆ ಮಿಷನ್ ಮೇಲೆ ಕೂತೆ, ಅದಾದ ಮೇಲೆ ಕತ್ತರಿ ಕೈಗೆ ಬಂತು. ಕತ್ತರಿ ಹಿಡಿದ ದಿನದಿಂದ ಜನ ‘ಮಾಸ್ಟ್ರೇ’ ಅಂದರು. ‘ಏಯ್’ಯಿಂದ ‘ಮಾಸ್ಟ್ರೇ’ ತನಕ ಬರೋದಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು. ಆದ್ದರಿಂದ ಆ ಪದದ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಈಗಲೂ ಯಾರಾದರೂ ಹೊಸ ಗಿರಾಕಿ ಅಂಕಲ್ ಅಂದರೆ ಅವರ ಬ್ಲೌಸು ಒಂದೆರಡು ದಿನ ತಡವಾಗಿ ಸಿಗುತ್ತೆ.

ಟೇಪು ಹಿಡಿದೋನಿಗೆ ಒಂದು ಭ್ರಮೆ ಇರುತ್ತೆ, ಮನುಷ್ಯರನ್ನೂ ಅಳೀಬಲ್ಲೆ ಅಂತ. ನನಗಂತೂ ಬಟ್ಟೆ ನೋಡಿದರೆ ಕೆಲಸ ಗೊತ್ತಾಗುತ್ತಿತ್ತು. ಕಾಲರ್ ಇದ್ದರೆ ನೌಕರಿ, ಇಲ್ಲದಿದ್ದರೆ ಚಾಕರಿ. ಎದೆ ಮೇಲೆ ಜೇಬಿದ್ದು ಅದರಲ್ಲಿ ಪೆನ್ನಿದ್ದರೆ ಅವನು ಹೇಳೋನು. ಜೇಬುಗಳೆಲ್ಲ ಸೊಂಟದಿಂದ ಕೆಳಗಿದ್ದರೆ ಅವನು ಹೇಳಿಸಿಕೊಳ್ಳೋನು. ಎಷ್ಟು ಆಸ್ಪತ್ರೆ, ಎಷ್ಟು ಫ್ಯಾಕ್ಟರಿ, ಎಷ್ಟು ಸ್ಕೂಲಿನ ಬಟ್ಟೆ ಹೊಲಿದಿದ್ದೀನಿ! ಎಲ್ಲಾ ಕಡೆ ಇದೇ ಲೆಕ್ಕ. ಈ ಲೆಕ್ಕ ತಪ್ಪೋ ದಿನ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ನನಗೆ ಒಬ್ಬಳೇ ಮಗಳು, ಚೈತ್ರ. ನಾಲ್ಕು ವರ್ಷದ ಹಿಂದೆ ಬಿ.ಎಸ್ಸಿ. ಮುಗಿಸಿದಳು. ನಮ್ಮ ಕಡೆ ಕಪ್ಪು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡವರಲ್ಲಿ ಅವಳೇ ಮೊದಲು. ಆ ಗೌನಿನ ಹೊಲಿಗೆ ಮಹಾ ಕಳಪೆ, ಅದು ಬೇರೆ ವಿಷಯ. ಬಿ.ಎಡ್. ಮಾಡು ಅಂದೆ. ಅದಕ್ಕೆ ಅವಳು, ಮೊದಲು ಒಂದು ವರ್ಷ ಯಾವುದಾದರೂ ಸ್ಕೂಲಲ್ಲಿ ಇದ್ದು ನೋಡ್ತೀನಪ್ಪ, ಮಕ್ಕಳ ಜೊತೆ ನನ್ನ ಕೈಲಿ ಆಗುತ್ತೋ ಇಲ್ವೋ ನನಗೇ ಗೊತ್ತಿಲ್ಲ ಅಂದಳು. ಸರಿ ಅಂದೆ. ಅರ್ಜಿ ಹಾಕಿದಳು. ಎರಡು ಕಡೆಯಿಂದ ಕರೆ ಬಂತು. ಅಲ್ಲಿಂದ ಶುರುವಾಯಿತು ನೋಡಿ.

ಒಂದು ವಿದ್ಯಾರಣ್ಯಪುರದ ಸ್ಕೂಲು. ಅಲ್ಲಿ ಇವಳು ಸಬ್‌ಸ್ಟಿಟ್ಯೂಟ್ ಟೀಚರ್. ಅಂದರೆ ಯಾವುದಾದರೂ ಮೇಡಂ ರಜೆ ಹಾಕಿದ ದಿನ ಬೆಳಿಗ್ಗೆ ಫೋನು ಬರುತ್ತೆ, ಹೋಗಿ ಅವರ ಕ್ಲಾಸು ತಗೋಬೇಕು. ಹೋದ ದಿನಕ್ಕೆ ಮಾತ್ರ ಸಂಬಳ. ಇನ್ನೊಂದು ಕೆಂಪಾಪುರದ ಸ್ಕೂಲು. ಅಲ್ಲಿ ದಿನಾ ಕೆಲಸ, ತಿಂಗಳ ಸಂಬಳ, ಆದರೆ ಟೀಚರ್ ಅಲ್ಲ. ಟೀಚರ್ ಬೇರೆ ಇರ್ತಾರೆ. ಇವಳು ಹಿಂದಿನ ಸಾಲಿನಲ್ಲಿ, ಬೇರೆ ಮಕ್ಕಳ ಸಮಕ್ಕೆ ಪಾಠ ಹಿಡಿಯೋಕೆ ಕಷ್ಟಪಡೋ ಒಂದು ಮಗುವಿನ ಪಕ್ಕ ಕೂತಿರಬೇಕು. ಕಾಗದದಲ್ಲಿ ಆ ಕೆಲಸಕ್ಕೆ ಇಂಗ್ಲಿಷಿನ ಉದ್ದ ಹೆಸರಿತ್ತು. ಬಾಯಿಮಾತಿಗೆ ಅಲ್ಲಿಯವರೇ ಹೆಲ್ಪರ್ ಅಂತಿದ್ದರಂತೆ.

ಹೆಲ್ಪರ್ ಅಂದ ತಕ್ಷಣ ನನಗೆ ಐದು ವರ್ಷದ ಕಾಜಾ ನೆನಪಾಯಿತು. ಅದರ ಮೇಲೆ ಪಕ್ಕದ ಝೆರಾಕ್ಸ್ ಅಂಗಡಿಯ ಮುನಿರಾಜು. ಅವನು ನನ್ನ ಬಾಲ್ಯದ ಗೆಳೆಯ, ಹತ್ತನೇ ಕ್ಲಾಸು ಪಾಸು, ಆ ಮೂರು ಕ್ಲಾಸಿನ ವ್ಯತ್ಯಾಸವನ್ನ ಮೂವತ್ತೈದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದಾನೆ. “ಏನ್ ಗುರು, ಡಿಗ್ರಿ ಮಾಡ್ಸಿ ಮೂಗೊರ್ಸೋ ಕೆಲ್ಸಕ್ಕೆ ಕಳಿಸ್ತೀಯಾ?” ಅಂದ. ನಗ್ತಾ ಹೇಳಿದ್ದೇ. ಆದರೂ ಅವತ್ತು ಮಧ್ಯಾಹ್ನ ಒಂದು ಪ್ಯಾಂಟಿನ ಎಡಗಾಲನ್ನ ಬಲಗಾಲಿಗಿಂತ ಅರ್ಧ ಇಂಚು ಕಮ್ಮಿ ಕತ್ತರಿಸಿದೆ.

ಮನೆಯಲ್ಲಿ ನನ್ನ ಹೆಂಡತಿ ಶಾರದಾದು ಬೇರೆ ವಾದ. “ರೀ, ದಿನಾ ಹೋಗೋ ಕೆಲ್ಸ ಬಿಟ್ಟು, ಯಾರಿಗೆ ಜ್ವರ ಬರುತ್ತೆ ಅಂತ ಕಾಯೋ ಕೆಲ್ಸ ಯಾಕ್ರೀ?” ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇತ್ತು: ಒಂದು ದಿನಕ್ಕಾದರೂ ಅವಳು ಬೋರ್ಡಿನ ಮುಂದೆ ನಿಲ್ತಾಳೆ, ಇನ್ನೊಂದು ಕಡೆ ಇಡೀ ವರ್ಷ ಹಿಂದಿನ ಬೆಂಚಲ್ಲಿ ಕೂರ್ತಾಳೆ. ನಾನು ಹಿಂದಿನ ಬೆಂಚಿನಿಂದಲೇ ಎದ್ದು ಬಂದವನು, ನನ್ನ ಮಗಳು ವಾಪಸ್ ಅಲ್ಲಿಗೇ ಹೋಗಿ ಕೂರೋದಾ? ನನ್ನ ದನಿ ಜೋರಾಗಿತ್ತು ಅಂತ ಕಾಣುತ್ತೆ. ಶಾರದಾ ಎದ್ದು ಒಳಗೆ ಹೋದಳು. ಚೈತ್ರ ಮಾತ್ರ ಒಂದು ದಿನ ಅದು ಅಂತಿದ್ದಳು, ಒಂದು ದಿನ ಇದು ಅಂತಿದ್ದಳು. ಸ್ನಾನಕ್ಕೆ ಹೋಗುವಾಗ ಒಂದು, ಬರುವಾಗ ಇನ್ನೊಂದು. ಕೊನೆಗೆ ಎರಡನ್ನೂ ಮುಟ್ಟಿ ನೋಡೋದು ಅಂತ ಆಯಿತು. ಕೆಂಪಾಪುರದಲ್ಲಿ ಆಗ ಇದ್ದ ಹೆಲ್ಪರ್ ಜುಲೈನಲ್ಲಿ ಬಿಡೋರಿದ್ದರು. ಆಗ ಒಂದು ವಾರ ಬಂದು ನೋಡಿ, ವಾರ ಕಳೆದ ಮೇಲೆ ಹೂಂ ಅಥವಾ ಉಹೂಂ ಹೇಳಿ ಅಂದಿದ್ದರು. ಅಲ್ಲಿಯ ತನಕ ವಿದ್ಯಾರಣ್ಯಪುರ.

ಆ ಜೂನ್ ತಿಂಗಳು ನಮ್ಮ ಮನೆ ಹೇಗಿತ್ತು ಅಂದರೆ, ಆರೂಮುಕ್ಕಾಲಿಗೆ ಅವಳು ಸ್ನಾನ ಮಾಡಿ, ಸೀರೆ ಉಟ್ಟು, ಫೋನನ್ನ ಟೀಪಾಯಿ ಮೇಲಿಟ್ಟುಕೊಂಡು ಕೂರೋಳು. ನಾವಿಬ್ಬರೂ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದ ಹಾಗೆ ಓಡಾಡೋದು. ಎಂಟು ಗಂಟೆ ತನಕ ಫೋನು ಬರದಿದ್ದರೆ ಎದ್ದು ಹೋಗಿ ಸೀರೆ ಮಡಚಿ ಇಟ್ಟು ಚೂಡಿದಾರ್ ಹಾಕಿಕೊಂಡು ಬರೋಳು. ನಾಚಿಕೆ ಬಿಟ್ಟು ಹೇಳ್ತೀನಿ, ದೇವರ ಮುಂದೆ ದೀಪ ಹಚ್ಚಿ, ವಿದ್ಯಾರಣ್ಯಪುರದ ಯಾವುದಾದರೂ ಮೇಡಂಗೆ ಒಂದು ಸಣ್ಣ ನೆಗಡಿ ಕೊಡಪ್ಪ ಅಂತ ಬೇಡಿಕೊಂಡಿದ್ದೀನಿ. ದೊಡ್ಡದೇನಲ್ಲ, ಎರಡು ದಿನದ್ದು ಸಾಕು ಅಂತ.

ಫೋನು ಬಂದ ದಿನ ನಾನೇ ಸ್ಕೂಟರಿನಲ್ಲಿ ಬಿಡ್ತಿದ್ದೆ. ಗೇಟಿನ ವಾಚ್‌ಮನ್ ಎದ್ದು ನಿಂತು “ಗುಡ್ ಮಾರ್ನಿಂಗ್ ಮೇಡಂ” ಅನ್ನೋನು. ಆ ಒಂದು ಮಾತಿನಲ್ಲಿ ನನಗೆ ಸಂಜೆ ತನಕ ಮಿಷನ್ ತುಳಿಯೋಷ್ಟು ಶಕ್ತಿ ಬರೋದು. ಬಂದ ಗಿರಾಕಿಗಳಿಗೆಲ್ಲ, ಅವರು ಕೇಳಲಿ ಬಿಡಲಿ, ಮಗಳು ಟೀಚರು ಅಂತ ಹೇಳಿದೆ. ಸಂಜೆ ಅವಳನ್ನ ಏನು ಪಾಠ ಮಾಡಿದೆ ಅಂತ ಕೇಳಿದರೆ, ಪಾಠ ಏನಿಲ್ಲಪ್ಪ, ಗಲಾಟೆ ಮಾಡದೆ ಇರೋ ಹಾಗೆ ನೋಡ್ಕೊಂಡೆ ಅನ್ನೋಳು. ಒಂದು ಹುಡುಗಿ ಎದ್ದು ನಿಂತು, ಮಿಸ್ ನೀವು ಯಾವ ಮಿಸ್ ಬದಲು ಬಂದಿರೋದು ಅಂತ ಕೇಳಿದಳಂತೆ. ಅದನ್ನ ಹೇಳಿ ನಕ್ಕಳು. ಹಾಗಂತ ಯಾವಾಗಲೂ ಬೇಜಾರಿನಲ್ಲೇ ಬರ್ತಿದ್ದಳು ಅಂತ ಅಲ್ಲ. ಒಂದು ದಿನ ಏಳನೇ ಕ್ಲಾಸಿನ ಮಕ್ಕಳಿಗೆ ಕನ್ನಡಿಯಲ್ಲಿ ಎಡ ಬಲ ಯಾಕೆ ಅದಲುಬದಲಾಗಿ ಕಾಣುತ್ತೆ ಅಂತ ಹೇಳಿಕೊಟ್ಟು ಬಂದಿದ್ದಳು. ಅವತ್ತು ಊಟ ಮಾಡ್ತಾ ನನಗೂ ಹೇಳಿಕೊಟ್ಟಳು. ಏಳನೇ ಕ್ಲಾಸು ಓದಿದೋನಿಗೆ ಸರಿಯಾಗಿ ಅರ್ಥ ಆಗಬೇಕಿತ್ತು. ಆಗಲಿಲ್ಲ. ಆದರೆ ಅವಳ ಮುಖ ನೋಡಿ, ಇದೇ ಸರಿ, ಇನ್ನು ಯೋಚನೆ ಬೇಡ ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ಜುಲೈ ಬಂತು, ಕೆಂಪಾಪುರದ ವಾರ ಬಂತು. ಶನಿವಾರ ಅವಳು ಆ ಸ್ಕೂಲಿಗೆ ಹೋಗಿ ಬರುವಾಗ ಕೈಯಲ್ಲಿ ಒಂದು ತಿಳಿನೀಲಿ ಕೋಟು ಇತ್ತು. ಚೂಡಿದಾರ್ ಮೇಲೆ ಹಾಕಿಕೊಳ್ಳೋದು, ಮಂಡಿ ತನಕ. ಸ್ಯಾಂಪಲ್ ಇದು, ಇದೇ ಥರ ನಿಮ್ಮ ಟೈಲರ್ ಹತ್ತಿರ ಒಂದು ಹೊಲಿಸಿಕೊಳ್ಳಿ ಅಂತ ಬಟ್ಟೆ ಕೊಟ್ಟು ಕಳಿಸಿದ್ದರು. ಬಿಚ್ಚಿ ನೋಡಿದೆ. ಕಾಲರ್ ಇಲ್ಲ, ಗುಂಡು ಕತ್ತು. ಕಾಜಾ ಗುಂಡಿ ಇಲ್ಲ, ಒಳಗಡೆ ಟಿಚ್ ಬಟನ್ನು. ಎದೆ ಮೇಲೆ ಜೇಬಿಲ್ಲ, ಕೆಳಗೆ ಚೀಲದ ಹಾಗೆ ಎರಡು. ಆಯಾಗಳಿಗೂ ಇದೇ ಕಟಿಂಗಾ ಅಂತ ಕೇಳಿದೆ. ಹೂಂ ಅಪ್ಪ, ಅವರದ್ದು ಕಡುನೀಲಿ, ನಮ್ಮದು ತಿಳಿನೀಲಿ ಅಂದಳು. ಇದು ಚಾಕರಿ ಬಟ್ಟೆನೇ ಅಂತ ತೀರ್ಮಾನ ಮಾಡೋಕೆ ನನಗೆ ಅಷ್ಟು ಸಾಕಾಯಿತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಸ್ಯಾಂಪಲ್ ಕೊಟ್ಟರೆ ಸ್ಯಾಂಪಲ್ ಥರಾನೇ ಬರಬೇಕು. ಅದು ಚೆನ್ನಾಗಿಲ್ಲ, ಇದು ಚೆನ್ನಾಗಿದೆ ಅನ್ನೋಕೆ ನಾವ್ಯಾರು? ಸ್ಯಾಂಪಲ್ಲಲ್ಲಿ ತೂತಿದ್ದರೆ ತೂತೂ ಹೊಲಿ ಅಂತಿದ್ದ ನಮ್ಮ ಮಾವ. ಅಷ್ಟು ವರ್ಷದಲ್ಲಿ ಒಂದು ಸಲವೂ ನಾನು ಆ ಗೆರೆ ದಾಟಿರಲಿಲ್ಲ. ಆ ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ದಾಟಿದೆ. ಕ್ಯಾನ್ವಾಸ್ ಕೊಟ್ಟು ನೆಟ್ಟಗೆ ನಿಲ್ಲೋ ಕಾಲರ್ ಇಟ್ಟೆ. ಬಿಳಿ ಮುತ್ತಿನಂಥ ಗುಂಡಿ ತಂದು ಕಾಜಾಗಳನ್ನ ಕೈಯಲ್ಲೇ ಹೊಲಿದೆ. ಎಡ ಎದೆ ಮೇಲೆ ಎರಡು ಗೆರೆ ಹೊಲಿಗೆಯ ಒಂದು ಜೇಬು. ಅದಕ್ಕೊಂದು ಸ್ಟೀಲ್ ಕ್ಯಾಪಿನ ಪೆನ್ನು, ಫಳಫಳ ಅನ್ನೋದು, ಅದನ್ನೂ ಸಿಕ್ಕಿಸಿ ಕೊಟ್ಟೆ. ಡಾಕ್ಟರ ಕೋಟಿನ ಹಾಗಿತ್ತು, ಸುಳ್ಳು ಹೇಳಲ್ಲ.

“ಅಪ್ಪ, ಸ್ಯಾಂಪಲ್ ಹಿಂಗಿರ್ಲಿಲ್ಲ” ಅಂದಳು ಚೈತ್ರ.

“ಆ ಸ್ಯಾಂಪಲ್ ಹೊಲ್ದೋನಿಗೆ ಕೆಲ್ಸ ಬರಲ್ಲ. ಹಾಕ್ಕೋ.”

ಹಾಕಿಕೊಂಡಳು. ಅಪ್ಪ ಇಡೀ ಭಾನುವಾರ ಕೂತು ಹೊಲಿದದ್ದನ್ನ ಬೇಡ ಅನ್ನೋದು ಹೇಗೆ? ಸೋಮವಾರ ಹೋದಳು, ಮಂಗಳವಾರ ಹೋದಳು, ಸಂಜೆ ಬಂದು ಆದ್ಯ ಅನ್ನೋ ಹುಡುಗಿಯ ಬಗ್ಗೆ ಏನೇನೋ ಹೇಳಿದಳು. ಎರಡನೇ ಕ್ಲಾಸು, ಮಾತು ಕಮ್ಮಿ, ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತೆ, ಹೊಳೆಯೋ ವಸ್ತು ಕಂಡರೆ ಬಿಡಲ್ಲ ಅಂತ. ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಕೋಟು ನೋಡಿ ಯಾರಾದರೂ ಏನಾದರೂ ಅಂದರಾ ಅನ್ನೋದಷ್ಟೇ ನನಗೆ ಬೇಕಿತ್ತು. ಯಾರೂ ಏನೂ ಅಂದಿರಲಿಲ್ಲ.

ಬುಧವಾರ ಸಂಜೆ ಅಂಗಡಿಯಿಂದ ಬಂದಾಗ ಕೋಟು ಕುರ್ಚಿಯ ಬೆನ್ನ ಮೇಲೆ ಬಿದ್ದಿತ್ತು. ಎತ್ತಿ ನೇತುಹಾಕೋಣ ಅಂತ ಹಿಡಿದೆ. ಎದೆ ಮೇಲೆ ಜೇಬೇ ಇಲ್ಲ. ಜೇಬಿದ್ದ ಕಡೆ ಚೌಕಾಕಾರಕ್ಕೆ ಸೂಜಿಯ ತೂತು, ಅಲ್ಲಲ್ಲಿ ದಾರದ ತುಣುಕು. ಬ್ಲೇಡಿನಲ್ಲಿ ಬಿಚ್ಚಿದ್ದು, ಒಂದು ಕಡೆ ಬಟ್ಟೆಯೂ ಹರಿದಿತ್ತು. ಬೇರೆ ಯಾರದ್ದೇ ಬಟ್ಟೆಯಾಗಿದ್ದರೂ ನನಗೆ ಹೊಟ್ಟೆ ಉರೀತಿತ್ತು. ಇದು ನನ್ನ ಹೊಲಿಗೆ. ಯಾರು ಬಿಚ್ಚಿದ್ದು ಇದನ್ನ ಅಂತ ಕೂಗಿದೆ. ಆ ಸ್ಕೂಲಿನವರೇ ಅವಮಾನ ಮಾಡಿ ಬಿಚ್ಚಿಸಿರಬೇಕು ಅಂತ ನನ್ನ ತಲೆಯಲ್ಲಿ.

“ನಾನೇ” ಅಂದಳು. ಆಮೇಲೆ ನಿಧಾನಕ್ಕೆ ಹೇಳಿದಳು. ಬೆಳಿಗ್ಗೆ ಅವಳು ಬಗ್ಗಿ ಆದ್ಯಳ ಶೂ ಲೇಸು ಕಟ್ಟುತ್ತಿದ್ದಾಗ ಆ ಮಗು ಜೇಬಿನಿಂದ ಪೆನ್ನು ಕಿತ್ತುಕೊಂಡಿದೆ. ಕ್ಯಾಪು ತೆಗೆದಿದೆ. ಇವಳು ಮೆಲ್ಲಗೆ ವಾಪಸ್ ತಗೊಳ್ಳೋಕೆ ಹೋದಾಗ ಮಗು ಕೈ ಬೀಸಿದೆ, ಮೊನೆ ಅದರದ್ದೇ ಹುಬ್ಬಿನ ಕೆಳಗೆ ಗೀರಿದೆ. ಸ್ವಲ್ಪ ರಕ್ತ, ತುಂಬಾ ಅಳು. ತಾಯಿಯನ್ನ ಕರೆಸಿದ್ದಾರೆ.

“ಕಣ್ಣಿಗೆ ಬಿದ್ದಿದ್ರೆ ಏನಪ್ಪ ಮಾಡ್ಬೇಕಿತ್ತು?”

ಕೋಟನ್ನ ಮಡಚಿ ಕುರ್ಚಿ ಮೇಲಿಟ್ಟೆ. ಕೋಟು ಯಾಕೆ ಸ್ಯಾಂಪಲ್ ಥರ ಇಲ್ಲ ಅಂತ ಅಲ್ಲಿನ ಕೋಆರ್ಡಿನೇಟರ್ ಮೇಡಂ ಕೇಳಿದರಂತೆ. ನೀನೇನು ಹೇಳಿದೆ ಅಂತ ಕೇಳಿದೆ. ನಾನೇ ಟೈಲರಿಗೆ ಹೇಳಿ ಹಾಗೆ ಹೊಲಿಸಿಕೊಂಡಿದ್ದು ಅಂತ ಹೇಳಿದೆ ಅಂದಳು. ಟೈಲರು ನಿಮ್ಮಪ್ಪ ಅಂತ ಹೇಳಿದೆಯಾ? ಹೇಳಲಿಲ್ಲ.

ಅವತ್ತು ನಾನು ಊಟ ಸರಿಯಾಗಿ ಮಾಡಲಿಲ್ಲ. ಮಾರನೇ ದಿನ ಎದ್ದವನೇ ಅಂಗಡಿಯಲ್ಲಿದ್ದ ಅದೇ ಬಣ್ಣದ ಬಟ್ಟೆ ತೆಗೆದು, ಸ್ಯಾಂಪಲ್ ಮುಂದಿಟ್ಟುಕೊಂಡು, ಅದರಲ್ಲಿದ್ದ ಹಾಗೆ, ಒಂದು ನೂಲು ಆಚೆ ಈಚೆ ಆಗದ ಹಾಗೆ ಇನ್ನೊಂದು ಕೋಟು ಹೊಲಿದು ಕೊಟ್ಟೆ. ಆದರೆ ಅದರಿಂದ ನನಗೆ ಸಮಾಧಾನ ಆಗಲಿಲ್ಲ. ನನ್ನ ತಪ್ಪನ್ನ ಮಗಳು ತನ್ನ ತಲೆ ಮೇಲೆ ಹಾಕಿಕೊಂಡು ಆ ಕೆಲಸ ಕಳಕೊಂಡರೆ? ಆ ಕೆಲಸ ನನಗ್ಯಾವತ್ತೂ ಬೇಕಾಗಿರಲಿಲ್ಲ ಅನ್ನೋದು ಆಗ ನೆನಪೇ ಆಗಲಿಲ್ಲ. ಶುಕ್ರವಾರ ಅವಳಿಗೆ ಹೇಳದೆ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಸ್ಕೂಟರ್ ಹತ್ತಿ ಏರ್‌ಪೋರ್ಟ್ ರೋಡಿನಲ್ಲಿ ಕೆಂಪಾಪುರಕ್ಕೆ ಹೋದೆ.

ಕೋಆರ್ಡಿನೇಟರ್ ಮೇಡಂ ವಯಸ್ಸಾದವರು, ನಿಧಾನದ ಮಾತು. ಕೂತ್ಕೊಳ್ಳಿ ಅಂದರು, ನಾನು ಕೂರಲಿಲ್ಲ. “ತಪ್ಪು ನಂದು ಮೇಡಂ, ನನ್ ಮಗಳದ್ದಲ್ಲ. ಕೋಟು ಹೊಲ್ದಿದ್ದು ನಾನು. ಅವಳನ್ನ ಬಿಡ್ಬೇಡಿ” ಅಂದೆ. ಸ್ಯಾಂಪಲ್ ಯಾಕೆ ಹಾಗಿದೆ ಅಂತ ಅವರು ಒಂದೊಂದಾಗಿ ಹೇಳಿದರು. ಕಾಲರ್ ಇದ್ದರೆ ಕೆಲವು ಮಕ್ಕಳು ಗಾಬರಿಯಾದಾಗ ಅದನ್ನೇ ಹಿಡಿದು ಜೋತುಬೀಳುತ್ತವೆ, ಕತ್ತು ಬಿಗಿಯುತ್ತೆ. ಗುಂಡಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಮೇಲ್ಜೇಬಿನ ಕಥೆ ನನಗೆ ಗೊತ್ತೇ ಇತ್ತು. ಕೆಳಗಿನ ದೊಡ್ಡ ಜೇಬು ಕರವಸ್ತ್ರ, ಬಿಸ್ಕೆಟ್ಟು, ಮಗುವಿಗೆ ಇಷ್ಟವಾದ ಆಟದ ಸಾಮಾನು ಇಟ್ಟುಕೊಳ್ಳೋದಕ್ಕೆ. ಆಯಾಗಳೂ ಮಕ್ಕಳನ್ನ ಎತ್ತೋರೇ, ಆದ್ದರಿಂದ ಅವರಿಗೂ ಅದೇ ಕಟಿಂಗು. ಇಷ್ಟೇ. ಅದರಲ್ಲಿ ಮೇಲು ಕೀಳು ಏನೂ ಇರಲಿಲ್ಲ, ಅಥವಾ ನಾನು ಅಂದುಕೊಂಡ ಥರದ್ದು ಇರಲಿಲ್ಲ. ಸ್ಯಾಂಪಲ್ ಹೊಲಿದೋನಿಗೆ ನನಗಿಂತ ಚೆನ್ನಾಗಿ ಕೆಲಸ ಬರ್ತಿತ್ತು.

ಅವಳನ್ನ ನಾವು ಬಿಡ್ತಿಲ್ಲ, ಆದ್ಯಳ ತಾಯಿನೂ ಇವಳೇ ಇರಲಿ ಅಂದಿದ್ದಾರೆ, ಇರೋದು ಬಿಡೋದು ನಿಮ್ಮ ಮಗಳಿಗೆ ಬಿಟ್ಟಿದ್ದು ಅಂದರು ಮೇಡಂ. ನಾನು ಬಂದದ್ದು ಅವಳಿಗೆ ಹೇಳಬೇಡಿ ಅಂತ ಕೇಳಿಕೊಂಡೆ. ಹೊರಡೋ ಮೊದಲು ಅವರೇ ನನ್ನನ್ನ ಒಂದು ಕ್ಲಾಸಿನ ಬಾಗಿಲ ಹತ್ತಿರ ಕರಕೊಂಡು ಹೋದರು. ಬಾಗಿಲಿಗೆ ಗಾಜಿನ ಕಿಂಡಿ ಇತ್ತು. ಹಿಂದಿನ ಸಾಲಿನಲ್ಲಿ, ಮಕ್ಕಳ ಕುರ್ಚಿಯಲ್ಲಿ, ಮಂಡಿ ಎದೆಗೆ ತಾಗೋ ಹಾಗೆ ಕೂತಿದ್ದಳು ನನ್ನ ಮಗಳು. ಪಕ್ಕದಲ್ಲಿ ಹುಬ್ಬಿಗೆ ಪಟ್ಟಿ ಹಾಕಿದ ಪುಟ್ಟ ಹುಡುಗಿ ಪೆನ್ಸಿಲ್ ಹಿಡಿದು ಏನೋ ಬರೀತಿತ್ತು. ಒಂದು ಗೆರೆ ಎಳೆಯೋದು, ನಿಲ್ಲಿಸೋದು, ಕಿಟಕಿ ನೋಡೋದು, ಮತ್ತೆ ಒಂದು ಗೆರೆ. ಒಂದು ಅಕ್ಷರಕ್ಕೆ ಅಷ್ಟು ಹೊತ್ತು. ಚೈತ್ರ ತನ್ನ ಎರಡೂ ಕೈಯನ್ನ ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಿದ್ದಳು.

“ಕೈ ಹಾಕ್ದೆ ಇರೋದು ಬಹಳ ಕಷ್ಟ. ಕೆಲವ್ರಿಗೆ ವರ್ಷ ಹಿಡಿಯುತ್ತೆ. ಇವಳು ವಾರದೊಳಗೆ ಕಲ್ತಿದ್ದಾಳೆ” ಅಂದರು ಮೇಡಂ.

ನನ್ನ ಅಂಗಡಿಗೆ ಕೆಲಸ ಕಲಿಯೋಕೆ ಬಂದವರ ಕೈಯಿಂದ ನಾನು ಬಟ್ಟೆ ಕಿತ್ತುಕೊಂಡು, ಸರಿ ಬಿಡು ನಾನೇ ಮಾಡ್ತೀನಿ ಅಂದದ್ದು ಎಷ್ಟು ಸಲವೋ. ಅವರಲ್ಲಿ ಒಬ್ಬನೂ ನಿಲ್ಲಲಿಲ್ಲ. ನನ್ನ ಮಗಳು ಮಾಡ್ತಿರೋ ಕೆಲಸ ನನ್ನ ಕೈಲಿ ಒಂದು ದಿನವೂ ಆಗಲ್ಲ ಅಂತ ಆ ಗಾಜಿನ ಮುಂದೆ ನನಗೆ ಅನ್ನಿಸಿತು. ವಾಪಸ್ ಬರುವಾಗ ನನ್ನ ಮನಸ್ಸು ಪೂರ್ತಿ ಮಗುಚಿತ್ತು. ಇವಳು ಆದ್ಯಳ ಜೊತೆಗೇ ಇರಬೇಕು. ಅಂಗಡಿಗೆ ಬಂದು ಮುನಿರಾಜುಗೆ ಹೇಳಿದೆ, ಶಾರದಾಗೆ ಹೇಳಿದೆ, ಷರ್ಟಿನ ಅಳತೆ ಕೊಡೋಕೆ ಬಂದ ಅಪರಿಚಿತರೊಬ್ಬರಿಗೂ ಹೇಳಿದೆ. ಮುನಿರಾಜು ತಲೆ ಚಚ್ಚಿಕೊಂಡ. ಹೋದ ವಾರ ಮೇಡಂ ಅಂತಿದ್ದೆ, ಈ ವಾರ ಹೆಲ್ಪರ್ ಅಂತೀಯ, ಎಲ್ಲಾದ್ರೂ ಒಂದ್ ಕಡೆ ನಿಂತ್ಕೋ ಗುರು ಅಂದ. ಇನ್ನೂ ಹೇಳದೆ ಉಳಿದಿದ್ದು ಚೈತ್ರ ಒಬ್ಬಳಿಗೇ. ಭಾನುವಾರ ಬಿಡುವಾಗಿ ಕೂರಿಸಿಕೊಂಡು ಹೇಳೋಣ ಅಂತಿದ್ದೆ.

ಶನಿವಾರ ಸಂಜೆ ವಿದ್ಯಾರಣ್ಯಪುರದಿಂದ ಫೋನು ಬಂತು. ಅಲ್ಲಿಯ ಸೈನ್ಸ್ ಮೇಡಂ ಹೆರಿಗೆ ರಜೆ ಮೇಲೆ ಹೋಗ್ತಿದ್ದರು. ಆರು ತಿಂಗಳು ಅವರ ಜಾಗಕ್ಕೆ ಇವಳೇ. ಬೆಳಿಗ್ಗೆ ಫೋನು ಕಾಯೋ ಹಾಗಿಲ್ಲ, ದಿನಾ ಅದೇ ಕ್ಲಾಸು, ಅವೇ ಮಕ್ಕಳು. ಭಾನುವಾರ ಬೆಳಿಗ್ಗೆ ನಾನು ಮಾತು ಶುರು ಮಾಡೋದರೊಳಗೆ ಅವಳೇ ಹೇಳಿದಳು, ವಿದ್ಯಾರಣ್ಯಪುರಕ್ಕೆ ಹೂಂ ಅಂದುಬಿಟ್ಟೆ ಅಂತ.

“ಮತ್ತೆ ಕೆಂಪಾಪುರ?” ಅಂದೆ.

“ಬೇಡ ಅನ್ನಿಸ್ತು ಅಪ್ಪ. ನಿಂಗೂ ಅದೇ ತಾನೆ ಇಷ್ಟ ಇದ್ದಿದ್ದು?”

ಹೌದು ಅಂದೆ. ಇನ್ನೇನು ಹೇಳಲಿ? ನನಗೆ ಬೇಕಾಗಿದ್ದು ನನಗೆ ಸಿಕ್ಕಿತ್ತು, ಅದು ಬೇಡ ಅನ್ನಿಸಿದ ಎರಡು ದಿನಕ್ಕೆ.

ಆಮೇಲೆ ಎಲ್ಲಾ ಸರಾಗವಾಗೇ ಹೋಯಿತು. ಆರು ತಿಂಗಳು ಒಂದು ವರ್ಷ ಆಯಿತು, ಬಿ.ಎಡ್. ಮುಗಿಸಿದಳು, ಈಗ ಆರ್.ಟಿ. ನಗರದ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಯಾರ ಬದಲೂ ಅಲ್ಲ, ಅವಳದ್ದೇ ಜಾಗ. ಜನ ಕೇಳಿದರೆ ಹೇಳಿಕೊಳ್ಳಬಹುದು. ಹೇಳಿಕೊಳ್ತೀನಿ ಕೂಡ. ಆದರೆ ಹೇಳುವಾಗಲೆಲ್ಲ ಒಳಗೆ ಒಂದು ಮುಳ್ಳು. ಪೆನ್ನಿನ ಗೀರಿಗೆ ಹೆದರಿ ಅವಳು ಆ ಕೆಲಸ ಬಿಟ್ಟಳು, ಆ ಗೀರು ಬಂದದ್ದು ನನ್ನ ಜೇಬಿನಿಂದ, ಅಂದರೆ ಅವಳ ದಾರಿಯನ್ನ ಆರಿಸಿದ್ದು ಅವಳಲ್ಲ, ನನ್ನ ಮೇಲ್ಜೇಬು. ನಾಲ್ಕು ವರ್ಷ ಇದನ್ನೇ ತಿರುವಿ ಹಾಕಿದ್ದೀನಿ. ಕೇಳೋ ಧೈರ್ಯ ಬರಲಿಲ್ಲ.

ಮೊನ್ನೆ ಭಾನುವಾರ, ತಿಳಿನೀಲಿ ಥಾನು ಮುಂದೆ ಹರಡಿಕೊಂಡು ನಾನು ಸುಮ್ಮನೆ ಕೂತಿದ್ದಾಗ, ಅವಳು ಚಿತ್ರಾನ್ನದ ಡಬ್ಬಿ ಹಿಡಕೊಂಡು ಅಂಗಡಿಗೆ ಬಂದಳು. ಬಟ್ಟೆ ನೋಡಿದಳು, ನನ್ನನ್ನ ನೋಡಿದಳು, ನಕ್ಕಳು. ಅದೇನು ಗಳಿಗೆಯೋ, ಕೇಳೇಬಿಟ್ಟೆ. ನನ್ನ ಜೇಬಿನಿಂದ ತಾನೇ ನೀನು ಕೆಂಪಾಪುರ ಬಿಟ್ಟಿದ್ದು ಅಂತ.

“ಜೇಬಿಂದಲ್ಲಪ್ಪ. ಜೇಬು ನಾನೇ ಬಿಚ್ಚಿದ್ನಲ್ಲ, ಅಲ್ಲಿಗೆ ಅದು ಮುಗೀತು.” ಡಬ್ಬಿಯನ್ನ ಮಿಷನ್ ಮೇಲಿಟ್ಟಳು. “ಶುಕ್ರವಾರ ಆದ್ಯನ್ನ ಕೈ ತೊಳ್ಸೋಕೆ ಕರ್ಕೊಂಡ್ ಹೋಗ್ತಿದ್ದೆ. ಆಫೀಸ್ ರೂಮ್ ಮುಂದೆ ನಿನ್ ಚಪ್ಪಲಿ ಇತ್ತು.”

ನನಗೆ ಅರ್ಥ ಆಗಲಿಲ್ಲ.

“ಆ ಸ್ಕೂಲಲ್ಲಿ ಯಾರೂ ಆಫೀಸ್ ರೂಮ್ ಮುಂದೆ ಚಪ್ಪಲಿ ಬಿಡಲ್ಲಪ್ಪ. ನೀನೊಬ್ನೇ.”

ನಾನು ಏಳನೇ ಕ್ಲಾಸಿನ ತನಕ ನೋಡಿದ ಹೆಡ್‌ಮಾಸ್ಟರ ರೂಮಿಗೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಹೋಗ್ತಿದ್ದದ್ದು. ಅವತ್ತು ಬಿಟ್ಟದ್ದು ನೆನಪೂ ಇರಲಿಲ್ಲ. ಅವಳು ಬಾಗಿಲ ಹೊರಗೆ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ತಪ್ಪು ನಂದು, ಅವಳನ್ನ ಬಿಡ್ಬೇಡಿ, ಎಲ್ಲಾ. “ನಾನು ಅಲ್ಲಿ ಒಂದು ತಪ್ಪು ಮಾಡಿ ಅದನ್ನ ನಾನೇ ಹೊತ್ಕೊಂಡಿದ್ದೆ. ನೀನ್ ಬಂದು ಇಳಿಸ್ಬಿಟ್ಟೆ. ಆಮೇಲೆ ಅಲ್ಲಿ ನಾನು ಬರೀ ನಿನ್ ಮಗಳು.” ಕೋಪದಿಂದ ಹೇಳಲಿಲ್ಲ. ಮಕ್ಕಳಿಗೆ ಕನ್ನಡಿ ಪಾಠ ಹೇಳೋ ದನಿಯಲ್ಲಿ ಹೇಳಿದಳು.

ಗಾಜಿನ ಆಚೆ ನಾನು ನಿಂತದ್ದೂ ಅವಳಿಗೆ ಗೊತ್ತಿತ್ತಂತೆ. ತಲೆ ಎತ್ತಲಿಲ್ಲ ಅಷ್ಟೆ. ಹಾಗಾದರೆ ಅವತ್ತು ಅವಳು ಕೈ ಮೇಲೆ ಕೂತಿದ್ದು ಆ ಮಗುವಿಗಾಗಿಯೋ, ನನಗಾಗಿಯೋ? ನನ್ನ ಮನಸ್ಸು ಮಗುಚಿದ್ದು ಏನನ್ನ ನೋಡಿ? ನಾನು ಹೋಗದೆ ಇದ್ದಿದ್ದರೆ ನೀನು ಅಲ್ಲೇ ಇರ್ತಿದ್ದೆಯಾ ಅಂತ ಕೇಳಿದೆ. ಇರ್ತಿದ್ದೆನೋ ಏನೋ, ಇಲ್ಲದೇನೂ ಇರಬಹುದು, ಈಗಲೂ ಗೊತ್ತಿಲ್ಲ ಅಂದಳು. ನಾಲ್ಕು ವರ್ಷ ನಾನು ತಪ್ಪು ಜಾಗದಲ್ಲಿ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ.

ಆಮೇಲೆ ಅವಳು ಸ್ಟೂಲು ಎಳೆದುಕೊಂಡು ಕೂತು ಇನ್ನೊಂದು ವಿಷಯ ತೆಗೆದಳು. ಆದ್ಯಳಂಥ ಮಕ್ಕಳಿಗೆ ಕಲಿಸೋದಕ್ಕೆ ಅಂತ ಒಂದು ವರ್ಷದ ಕೋರ್ಸು ಇದೆಯಂತೆ, ಸೀಟು ಸಿಕ್ಕಿದೆಯಂತೆ. ಸೇರಬೇಕಾದರೆ ಈಗಿನ ಕೆಲಸ ಬಿಡಬೇಕು. ಮುಗಿಸಿದ ಮೇಲೆ ಎಲ್ಲಿ, ಯಾವ ಕೆಲಸ ಅಂತ ಗ್ಯಾರಂಟಿ ಇಲ್ಲ. ಈ ವಾರದೊಳಗೆ ಹೇಳಬೇಕು. “ಹೋಗ್ಲಾ ಬೇಡ್ವಾ, ಒಂದೂ ತಿಳೀತಿಲ್ಲಪ್ಪ” ಅಂದಳು.

ನನ್ನ ಗಂಟಲಿನಲ್ಲಿ ಉತ್ತರ ರೆಡಿಯಾಗಿತ್ತು. ಯಾವ ಉತ್ತರ ಅಂತ ನಿಮಗೆ ಹೇಳಲ್ಲ. ಇನ್ನೇನು ಹೊರಗೆ ಬರಬೇಕು, ಅಷ್ಟರಲ್ಲಿ ಗುಂಡುಪಿನ್ನಿನ ಡಬ್ಬಕ್ಕೆ ಕೈ ಹಾಕಿ ಏಳೆಂಟು ಪಿನ್ನು ತೆಗೆದು ತುಟಿಯ ಮಧ್ಯೆ ಕಚ್ಚಿಕೊಂಡೆ. ಬಾಯಲ್ಲಿ ಪಿನ್ನಿದ್ದಾಗ ಟೈಲರು ಮಾತಾಡೋ ಹಾಗಿಲ್ಲ, ನುಂಗಿಬಿಟ್ಟರೆ ಕಷ್ಟ. ಬಟ್ಟೆ ಮಡಚಿ, ಅಂಚಿಗೆ ಒಂದು ಪಿನ್ನು ಚುಚ್ಚಿದೆ, ಅವಳ ಕಡೆ ನೋಡಿ ಮೂಗಿನಲ್ಲೇ ಹೂಂ ಅಂದೆ. ಅವಳು ಶುರು ಮಾಡಿದಳು. ಆ ಹೈಸ್ಕೂಲಿನ ಬಗ್ಗೆ, ಮಕ್ಕಳ ಬಗ್ಗೆ, ಬೋರ್ಡಿನ ಮುಂದೆ ನಿಂತಾಗ ಖುಷಿಯಾಗೋದರ ಬಗ್ಗೆ, ಆದರೂ ಕಣ್ಣು ಹಿಂದಿನ ಸಾಲಿಗೇ ಹೋಗೋದರ ಬಗ್ಗೆ. ನನ್ನ ಮಗಳು ಅಷ್ಟು ಹೊತ್ತು ಒಂದೇ ಸಮ ಮಾತಾಡಿದ್ದನ್ನ ನಾನು ಕೇಳಿರಲಿಲ್ಲ. ನಡುವೆ ಬಾಯಲ್ಲಿದ್ದ ಪಿನ್ನು ಮುಗಿದವು. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಡಬ್ಬಕ್ಕೆ ಕೈ ಹಾಕಿ ಇನ್ನೊಂದಷ್ಟು ತೆಗೆದು ಬಾಯಿಗಿಟ್ಟುಕೊಂಡೆ.